ನಡುನೆಲದ ಪಾಲು: ಬಾದಾಮಿ–ಕಂಚಿ ಯುದ್ಧಗಳ ಮರುಓದು



ಬಾದಾಮಿ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ನೂರು ವರ್ಷಕ್ಕೂ ಮೀರಿ ನಡೆದ ಕಾದಾಟವನ್ನು ನಮ್ಮ ಪಠ್ಯಪುಸ್ತಕಗಳು ಎರಡು ಊರುಗಳ ಜಗಳದಂತೆ ಹೇಳಿಕೊಂಡು ಬಂದಿವೆ. ಇಮ್ಮಡಿ ಪುಲಕೇಶಿ ಕಂಚಿಯ ಬಾಗಿಲಿಗೆ ಹೋದ, ಪಲ್ಲವ ನರಸಿಂಹವರ್ಮ 642ರಲ್ಲಿ ವಾತಾಪಿಯನ್ನು, ಅಂದರೆ ಬಾದಾಮಿಯನ್ನು, ಹಿಡಿದ, ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿ ಆ ಸೇಡು ತೀರಿಸಿಕೊಂಡ ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಈ ನಿರೂಪಣೆಯಲ್ಲಿ ತಪ್ಪು ಸಂಗತಿಗಳು ಹೆಚ್ಚಿಲ್ಲ. ಆದರೆ ಗೆದ್ದವನು ಗೆದ್ದ ರಾಜಧಾನಿಯನ್ನು ಯಾಕೆ ಉಳಿಸಿಕೊಳ್ಳಲಿಲ್ಲ ಎಂಬ ಮುಖ್ಯ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ನನ್ನ ವಾದ ಇಷ್ಟೇ. ಈ ಯುದ್ಧದ ಆಯಸ್ಸನ್ನು ನಿರ್ಧರಿಸಿದವು ಬಾದಾಮಿಯೂ ಅಲ್ಲ, ಕಂಚಿಯೂ ಅಲ್ಲ. ಬನವಾಸಿ, ನಾಯರಖಂಡ, ಗಂಗವಾಡಿಗಳಂಥ ನಡುನೆಲದ ಸೀಮೆಗಳು ಮತ್ತು ಅವುಗಳನ್ನು ವಂಶಪಾರಂಪರ್ಯವಾಗಿ ಆಳುತ್ತಿದ್ದ ಮನೆತನಗಳು. ಆದ್ದರಿಂದ ಈ ಚರ್ಚೆಗೆ ಶಿವಮೊಗ್ಗ ಸೀಮೆಗಿಂತ ತಕ್ಕ ಜಾಗ ಬೇರೆ ಬೇಕಿಲ್ಲ.

ಕಥೆಯ ಮೊದಲ ಸಾಕ್ಷ್ಯ ಇಲ್ಲೇ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ನಿಂತಿದೆ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕವಿ ಕುಬ್ಜ ಬರೆದ ಐದನೆಯ ಶತಮಾನದ ಸಂಸ್ಕೃತ ಶಾಸನವನ್ನು ಇಲ್ಲಿರುವವರೆಲ್ಲ ಬಲ್ಲಿರಿ. ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಡಿ ಕತ್ತಿ ಹಿಡಿದದ್ದನ್ನು ನಾವು ಸ್ವಾಭಿಮಾನದ ಕಥೆಯಾಗಿ ಮೆಚ್ಚಿಕೊಳ್ಳುತ್ತೇವೆ. ಶಾಸನದ ಮುಂದಿನ ಭಾಗಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಶ್ರೀಪರ್ವತದ ಕಾಡು ಹಿಡಿದು ಕುಳಿತ ಮಯೂರಶರ್ಮನನ್ನು ಅಲ್ಲಿಂದ ಎಬ್ಬಿಸಲಾಗದೆ ಪಲ್ಲವರು ಅವನೊಂದಿಗೆ ರಾಜಿಯಾದರು. ಪಡುವಣ ಕಡಲಿನಿಂದ ಪ್ರೇಹರದವರೆಗಿನ ನೆಲವನ್ನು ಅವನದೆಂದು ಒಪ್ಪಿದರು. ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟುವ ಮೊದಲೇ ಕಂಚಿಗೆ ಒಂದು ಪಾಠ ಸಿಕ್ಕಿತ್ತು. ಮಲೆನಾಡಿನ ಅಂಚಿನ ಈ ನೆಲಕ್ಕೆ ದಂಡೆತ್ತಿ ಬರಬಹುದು, ಆದರೆ ಇಲ್ಲಿಯವರನ್ನು ಒಪ್ಪಿಸದೆ ಆಳಲಾಗದು. ಇದೇ ಪಾಠವನ್ನು ಚಾಲುಕ್ಯರೂ ಕಲಿಯಬೇಕಾಯಿತು.

ಮೊದಲನೆಯ ಪುಲಕೇಶಿ 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆ ಮಾಡಿದ. ಅವನ ಮಗ ಕೀರ್ತಿವರ್ಮ ನಳ, ಮೌರ್ಯ, ಕದಂಬರಿಗೆ ಕಾಳರಾತ್ರಿಯಾದನೆಂದು ಐಹೊಳೆಯ ಶಾಸನ ಹೇಳುತ್ತದೆ. ಆದರೂ ಮೊಮ್ಮಗ ಇಮ್ಮಡಿ ಪುಲಕೇಶಿ ವರದಾ ನದಿ ಬಳಸಿದ ಕದಂಬರ ಬನವಾಸಿಯನ್ನು ಮತ್ತೆ ಮುತ್ತಬೇಕಾಯಿತು ಎಂದೂ ಅದೇ ಶಾಸನ ಹೇಳುತ್ತದೆ. ಒಮ್ಮೆ ಗೆದ್ದದ್ದನ್ನು ಇನ್ನೊಮ್ಮೆ ಗೆಲ್ಲಬೇಕಾದರೆ ಮೊದಲ ಗೆಲುವು ಎಷ್ಟು ಗಟ್ಟಿಯಾಗಿತ್ತು? ಬಳಿಕ ಪುಲಕೇಶಿ ಗಂಗರನ್ನೂ ಆಳುಪರನ್ನೂ ತನ್ನ ಕಡೆಗೆ ತಂದುಕೊಂಡ, ಪಲ್ಲವನನ್ನು ಕಂಚಿಯ ಗೋಡೆಯ ಹಿಂದೆ ಅಡಗಿಸಿದ, ಕಾವೇರಿ ದಾಟಿದ. ಪಲ್ಲವರ ಕಶಾಕ್ಕುಡಿ ಶಾಸನ ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ಗೆದ್ದನೆನ್ನುತ್ತದೆ. ಮುಂದಿನ ಪೀಳಿಗೆಯಲ್ಲಿ ನರಸಿಂಹವರ್ಮ ಪರಿಯಳ, ಮಣಿಮಂಗಲ, ಶೂರಮಾರಗಳಲ್ಲಿ ಪುಲಕೇಶಿಯನ್ನು ಸೋಲಿಸಿ ವಾತಾಪಿಗೇ ಬಂದ. ಬಾದಾಮಿಯ ಬಂಡೆಯ ಮೇಲೆ ಅವನ ಹದಿಮೂರನೆಯ ಆಳ್ವಿಕೆಯ ವರ್ಷದ ಶಾಸನವಿದೆ. ಮೊದಲನೆಯ ವಿಕ್ರಮಾದಿತ್ಯ 655ರ ಹೊತ್ತಿಗೆ ರಾಜ್ಯವನ್ನು ಮರಳಿ ಪಡೆದ. 674ರಲ್ಲಿ ಗದ್ವಾಲದ ತಾಮ್ರಪಟವನ್ನು ಬರೆಸುವಾಗ ಅವನ ಬೀಡು ಕಾವೇರಿಯ ತೆಂಕಣ ದಡದ ಉರಗಪುರದಲ್ಲಿತ್ತು. ಆದರೆ ಪಲ್ಲವ ಪರಮೇಶ್ವರವರ್ಮನ ಕೂರಂ ಶಾಸನದ ಪ್ರಕಾರ, ಲಕ್ಷಗಟ್ಟಲೆ ಸೇನೆಯಿದ್ದ ಅದೇ ವಿಕ್ರಮಾದಿತ್ಯ ಚಿಂದಿ ಬಟ್ಟೆ ಹೊದ್ದು ಓಡಿಹೋದ. ಇಬ್ಬರೂ ಗೆದ್ದರು, ಇಬ್ಬರೂ ತಮ್ಮ ತಮ್ಮ ಊರಿಗೆ ಮರಳಿದರು.

ಬಾದಾಮಿಯಿಂದ ಕಂಚಿಗೆ ನೇರ ಗೆರೆ ಎಳೆದರೂ ಸುಮಾರು 550 ಕಿಲೋಮೀಟರ್. ಆನೆ, ಕುದುರೆ, ಕಾಲಾಳುಗಳ ದಂಡು ಆ ದಾರಿಯುದ್ದಕ್ಕೂ ಮೇವು, ಅಕ್ಕಿ, ನೀರಿಗೆ ಸ್ಥಳೀಯ ಒಡೆಯರ ಕೈ ನೋಡಲೇಬೇಕು. ಈ ಒಡೆಯರು ಯಾರೆಂದು ತಿಳಿಯಲು ನಮ್ಮ ಜಿಲ್ಲೆಯ ಶಾಸನಗಳೇ ಸಾಕು. ಬಳ್ಳಿಗಾವಿಯ ಒಂದು ಹಳಗನ್ನಡ ಶಾಸನದಲ್ಲಿ ಚಾಲುಕ್ಯ ಅರಸ ವಿನಯಾದಿತ್ಯನ ಕೆಳಗೆ ಸೇಂದ್ರಕ ಪೊಗಿಲ್ಲಿ ನಾಯರಖಂಡವನ್ನೂ ಜೇದುಗೂರನ್ನೂ ಆಳುತ್ತಿದ್ದಾನೆ. ಸೇಂದ್ರಕರು ಬರೀ ಸಾಮಂತರಲ್ಲ. ಇಮ್ಮಡಿ ಪುಲಕೇಶಿಯ ಸೋದರಮಾವ ಸೇನಾನಂದರಾಜ ಆ ಮನೆತನದವನೆಂದು ಚಿಪ್ಳೂಣದ ತಾಮ್ರಪಟ ಹೇಳುತ್ತದೆ. ಕದಂಬಮಂಡಲವನ್ನು ಆಳಿದ ಆಳುಪ ಚಿತ್ರವಾಹನನಿಗೆ ವಿನಯಾದಿತ್ಯ ತನ್ನ ಮಗಳು ಕುಂಕುಮದೇವಿಯನ್ನು ಕೊಟ್ಟಿದ್ದ. ಮುಂದೆ ಅವಳ ಅಣ್ಣ ವಿಜಯಾದಿತ್ಯ ಈ ಭಾವನನ್ನು ಕಾಣಲು ತಾನೇ ಬನವಾಸಿಗೆ ಬಂದದ್ದು 707ರ ಶಿಗ್ಗಾವಿ ತಾಮ್ರಪಟದಲ್ಲಿ ದಾಖಲಾಗಿದೆ. ಚಕ್ರವರ್ತಿಯೊಬ್ಬ ಸಾಮಂತನ ಊರಿಗೆ ಬರುತ್ತಾನೆ! ಗೆದ್ದ ನೆಲವನ್ನು ಅಧಿಕಾರಿಗಳ ಮೂಲಕ ಆಳುವ ವ್ಯವಸ್ಥೆ ಎರಡೂ ರಾಜ್ಯಗಳಲ್ಲಿ ಬಲವಾಗಿರಲಿಲ್ಲ. ಹೆಣ್ಣು ಕೊಟ್ಟು ತಂದು, ದಾನ ಕೊಟ್ಟು, ಬಂದು ಮಾತಾಡಿಸಿ ಉಳಿಸಿಕೊಳ್ಳುವ ನಂಟಸ್ತಿಕೆಯೇ ಆಡಳಿತವಾಗಿತ್ತು. ಅಂಥ ಜಾಲವಿರುವಲ್ಲಿ ರಾಜಧಾನಿ ಬಿದ್ದರೆ ರಾಜ್ಯ ಬೀಳುವುದಿಲ್ಲ. ನರಸಿಂಹವರ್ಮನ ಆಕ್ರಮಣದ ನಂತರದ ಆ ಕಷ್ಟದ ದಶಕದ ಆಸುಪಾಸಿನಲ್ಲೇ ಚಾಲುಕ್ಯ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆ ಕೊಂಕಣದ ನೇರೂರು, ಕೊಚ್ರೆಗಳಲ್ಲಿ ಭೂದಾನ ಮಾಡುತ್ತಿದ್ದಳು. ಮೊದಲನೆಯ ವಿಕ್ರಮಾದಿತ್ಯ ಮೂವರು ಅರಸರ ನಡುವೆ ಸಿಲುಕಿದ್ದ ಸಂಪತ್ತನ್ನು ಮರಳಿ ಪಡೆದು, ನಿಂತುಹೋಗಿದ್ದ ದೇವರ, ಬ್ರಾಹ್ಮಣರ ದತ್ತಿಗಳನ್ನು ಮತ್ತೆ ನಡೆಸಿದನೆಂಬ ಹೇಳಿಕೆಯೂ ಪೂರ್ತಿ ಅಳಿದ ರಾಜ್ಯದ ಚಿತ್ರವನ್ನು ಕೊಡುವುದಿಲ್ಲ.

ಸೋತ ರಾಜ್ಯ ಉಳಿದದ್ದು ನೆಲದ ಈ ಜಾಲದಿಂದ ಮಾತ್ರವಲ್ಲ; ಕಡಲಿನ ಮಾತಿಗೂ ಬರೋಣ. ರೋಮ್ ಮತ್ತು ಕಾರ್ತೇಜ್ ಕ್ರಿ.ಪೂ. 264ರಿಂದ 146ರವರೆಗೆ ಹೋರಾಡಿದ್ದನ್ನು ಈ ಯುದ್ಧದ ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಅಲ್ಲಿ ಎರಡೂ ಶಕ್ತಿಗಳ ನಡುವೆ ಒಂದೇ ಕಡಲು ಇತ್ತು; ಹಡಗು ಹಡಗಿಗೆ ತಾಗಿತು, ಮೊದಲ ಯುದ್ಧ ತೀರ್ಮಾನವಾದದ್ದೇ ಕ್ರಿ.ಪೂ. 241ರ ನೌಕಾ ಕದನದಲ್ಲಿ. ಇಲ್ಲಿ ಚಾಲುಕ್ಯರ ಕಡಲು ಪಡುವಣದ್ದು, ಪಲ್ಲವರದು ಮೂಡಣದ್ದು. ಮಂಗಲೇಶ ರೇವತಿದ್ವೀಪವನ್ನು ಹಿಡಿದ. ಪುಲಕೇಶಿ ಮದ್ದಾನೆಗಳಂಥ ನೂರಾರು ಹಡಗುಗಳಿಂದ ಪಡುಗಡಲ ಲಕ್ಷ್ಮಿಯಾದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬಣ್ಣಿಸುತ್ತಾನೆ. ಅತ್ತ ನರಸಿಂಹವರ್ಮ ತನ್ನ ಪರವಾಗಿ ವಲ್ಲಭನ, ಅಂದರೆ ಚಾಲುಕ್ಯ ಅರಸನ, ವಿರುದ್ಧ ಕಾದಿದ ಸಿಂಹಳದ ರಾಜಕುಮಾರ ಮಾನವಮ್ಮನಿಗೆ ಎರಡು ಸಲ ಸೇನೆ ಕೊಟ್ಟು ಲಂಕೆಗೆ ಕಳಿಸಿದ್ದನ್ನು ಸಿಂಹಳದ ವಂಶಚರಿತ್ರೆ ಹೇಳುತ್ತದೆ. ಇಬ್ಬರ ನೌಕಾಪಡೆಗಳೂ ಪರಸ್ಪರ ಎದುರಾದ ದಾಖಲೆ ಎಲ್ಲಿಯೂ ಇಲ್ಲ. ಕಡಲು ಇವರಿಗೆ ರಣಾಂಗಣವಾಗಿರಲಿಲ್ಲ, ಬೆನ್ನಿನ ಆಸರೆಯಾಗಿತ್ತು: ಸುಂಕದ ಹಣ ಮತ್ತು ಮಿತ್ರಬಲ ಅಲ್ಲಿಂದ ಬರುತ್ತಿತ್ತು. ನೆಲದಲ್ಲಿ ಸೋತವನು ಪೂರ್ತಿ ನಾಶವಾಗದೆ ಮತ್ತೆ ಮತ್ತೆ ಎದ್ದು ಬರಲು ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ತನ್ನ ಹಿಂದಿನ ಕಡಲನ್ನು ಎದುರಾಳಿ ಮುಟ್ಟಲಾರ ಎಂಬ ಧೈರ್ಯ ಇಬ್ಬರಿಗೂ ಇತ್ತು.

ಇದೆಲ್ಲ ಸರಿ, ಹಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೂರು ವರ್ಷದ ಯುದ್ಧವನ್ನು ವಿವರಿಸಬಹುದೇ ಎಂದು ಕೇಳುವವರಿದ್ದಾರೆ. ಹಗೆ ಇತ್ತು. ನರಸಿಂಹವರ್ಮ ಪುಲಕೇಶಿಯ ಬೆನ್ನ ಮೇಲೆ ತಾಮ್ರಪಟದ ಮೇಲೆ ಬರೆದಂತೆ ವಿಜಯವನ್ನು ಬರೆದನೆಂಬ ಕೂರಂ ಶಾಸನದ ಮಾತಿನಲ್ಲಿ ಕಹಿಯಿಲ್ಲ ಎನ್ನಲಾಗದು. ಆದರೆ ಸೇಡು ಮಾತ್ರವೇ ಯುದ್ಧವನ್ನು ನಡೆಸಿದ್ದರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಸುಡಬೇಕಿತ್ತು. ಅವನ ಮಗನ ಕೆಂದೂರು ತಾಮ್ರಪಟ ಹೇಳುವಂತೆ ಅವನು ಪಲ್ಲವ ನಂದಿಪೋತವರ್ಮನನ್ನು ಓಡಿಸಿ, ಸಮುದ್ರಘೋಷವೆಂಬ ವಾದ್ಯವನ್ನೂ ಖಟ್ವಾಂಗ ಧ್ವಜವನ್ನೂ ಆನೆಗಳನ್ನೂ ಮಾಣಿಕ್ಯಗಳನ್ನೂ ಕಿತ್ತುಕೊಂಡ. ನಗರವನ್ನು ಕೆಡಿಸದೆ ಒಳಹೊಕ್ಕು ರಾಜಸಿಂಹೇಶ್ವರಕ್ಕೆ ಚಿನ್ನವನ್ನು ಒಪ್ಪಿಸಿದ. ಇದನ್ನು ಗೆದ್ದವನ ಬಡಾಯಿ ಎಂದು ತಳ್ಳಿಹಾಕಲು ಬಾರದು, ಏಕೆಂದರೆ ಆ ರಾಜಸಿಂಹೇಶ್ವರದ, ಅಂದರೆ ಕಂಚಿಯ ಕೈಲಾಸನಾಥ ದೇವಾಲಯದ, ಕಂಬದ ಮೇಲೇ ಅವನ ಕನ್ನಡ ಶಾಸನ ಇದೆ, ದೇವಾಲಯದ ಸಂಪತ್ತನ್ನು ನೋಡಿ ಮರಳಿ ಬಿಟ್ಟುಕೊಟ್ಟನೆಂದು ಹೇಳುತ್ತದೆ; ಪಲ್ಲವರು ಮರಳಿ ಬಂದ ಮೇಲೂ ಅದನ್ನು ಅಳಿಸಿಲ್ಲ. ಚಿಹ್ನೆಗಳನ್ನು ಕಿತ್ತು ತಂದು ಊರನ್ನು ಬಿಟ್ಟುಬರುವ ದಂಡಯಾತ್ರೆ ಇದು. ಅದರ ನಿಜವಾದ ಪ್ರೇಕ್ಷಕರು ಕಂಚಿಯಲ್ಲಿರಲಿಲ್ಲ, ಹಿಂದೆ ತನ್ನದೇ ಸಾಮಂತರ ನಡುವೆ ಇದ್ದರು. ಮೂರು ಸಲ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ, ಪಟ್ಟ ಕಟ್ಟುವ ಊರಿನಲ್ಲೇ, ಲೋಕೇಶ್ವರ ದೇವಾಲಯವನ್ನು ಎಬ್ಬಿಸಿದ್ದು ಈ ದೃಷ್ಟಿಯಿಂದ ಸಹಜ. ಯುದ್ಧಕ್ಕೆ ಪ್ರತಿ ಪೀಳಿಗೆಯಲ್ಲೂ ಹೋಗಲೇಬೇಕಿತ್ತು, ಏಕೆಂದರೆ ಹೊಸ ಅರಸನಿಗೆ ಸಾಮಂತರ ಒಪ್ಪಿಗೆ ಹೊಸದಾಗಿಯೇ ಸಿಗಬೇಕಿತ್ತು.

ಪ್ರಶಸ್ತಿ ಕಾವ್ಯವನ್ನು ಇಷ್ಟು ನಂಬಬಹುದೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಗೆಲುವಿನ ಅಳತೆಯ ವಿಷಯದಲ್ಲಿ ನಂಬಬಾರದು. ಲಕ್ಷಗಟ್ಟಲೆ ಸೇನೆಯನ್ನು ಯಾರೂ ಎಣಿಸಿರಲಿಲ್ಲ. ಆದರೆ ಶಾಸನ ಹೊಗಳಲೆಂದು ಹೇಳದ ಸಂಗತಿಗಳನ್ನು, ಅಂದರೆ ಬೀಡು ಬಿಟ್ಟ ಊರು, ದಾನ ಬೇಡಿದವರ ಹೆಸರು, ಸೀಮೆ ಆಳುವವನ ಮನೆತನ, ಇವುಗಳನ್ನು ನಂಬಬಹುದು. ನನ್ನ ವಾದ ನಿಂತಿರುವುದು ಬಹುಪಾಲು ಇವುಗಳ ಮೇಲೆ. ಇನ್ನು ಇದನ್ನು ಕನ್ನಡ–ತಮಿಳು ಕಲಹದ ಮೊದಲ ಅಧ್ಯಾಯವೆಂದು ಓದುವ ಚಾಳಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಎರಡೂ ಆಸ್ಥಾನಗಳು ಹೊಗಳಿಕೆಯನ್ನು ಸಂಸ್ಕೃತದಲ್ಲಿ ಬರೆಸಿದವು. ಕಾವೇರಿ ದಾಟಿದ ಪುಲಕೇಶಿ ಪಲ್ಲವರ ವಿರುದ್ಧ ಹಿತ ಬಯಸಿದ್ದು ಚೋಳ, ಕೇರಳ, ಪಾಂಡ್ಯರಿಗೆ.

ಕಾರ್ತೇಜ್ ನೆಲಸಮವಾಯಿತು, ವಾತಾಪಿಯನ್ನಾಗಲಿ ಕಂಚಿಯನ್ನಾಗಲಿ ಎದುರಾಳಿ ಅಳಿಸಲಿಲ್ಲ. ಚಾಲುಕ್ಯ ಪ್ರಭುತ್ವವನ್ನು ಮುಗಿಸಿದವನು ಅವರದೇ ಸಾಮಂತ, ರಾಷ್ಟ್ರಕೂಟ ದಂತಿದುರ್ಗ. 753ರ ಸಾಮನಗಡದ ತಾಮ್ರಪಟದಲ್ಲಿ ಅವನು ಹೇಳಿಕೊಳ್ಳುವ ಮಾತು ಈ ಸಂಕಿರಣದ ಮೇಜಿನ ಮೇಲಿರಬೇಕು: ಕಂಚಿಯ ಅರಸ, ಕೇರಳ, ಚೋಳ, ಪಾಂಡ್ಯ, ಹರ್ಷರನ್ನು ಸೋಲಿಸುವುದರಲ್ಲಿ ಪಳಗಿದ ಕರ್ಣಾಟಕ ಬಲವನ್ನು ತಾನು ಕೆಲವೇ ಜನರಿಂದ ಗೆದ್ದೆ ಎಂದು. ತೆಂಕಣ ಯುದ್ಧಕ್ಕೆ ತಯಾರಾದ ಸೇನೆ ಬಡಗಣದಿಂದ ಬಂದ ತನ್ನವನೆದುರು ನಿಲ್ಲಲಿಲ್ಲ. ಆಗ ಬನವಾಸಿ, ನಾಯರಖಂಡ, ಕದಂಬಮಂಡಲದ ಮನೆತನಗಳು ಯಾವ ಕಡೆ ನಿಂತವು? ಹಳೆಯ ಒಡೆಯನಿಗಾಗಿ ಕಾದಿದವೇ, ಸುಮ್ಮನೆ ಒಡೆಯನನ್ನು ಬದಲಿಸಿಕೊಂಡವೇ? ಬಿ. ಎಲ್. ರೈಸರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳು ಈ ಜಿಲ್ಲೆಯವೇ. ಅವುಗಳಲ್ಲಿನ ಎಂಟನೆಯ ಶತಮಾನದ ಶಾಸನಗಳನ್ನು ಸೀಮೆವಾರು, ಮನೆತನವಾರು ಬಿಡಿಸಿ, ಪ್ರತಿ ದಂಡಯಾತ್ರೆಯ ಕಾಲಕ್ಕೆ ಇಲ್ಲಿ ಯಾರು ಆಳುತ್ತಿದ್ದರು, ಯಾವ ಸುಂಕ ಯಾರಿಗೆ ಹೋಗುತ್ತಿತ್ತು ಎಂದು ಪಟ್ಟಿ ಮಾಡುವ ಕೆಲಸವನ್ನು ಮಧ್ಯಾಹ್ನದ ಗೋಷ್ಠಿಯಿಂದಲೇ ಶುರು ಮಾಡಬಹುದು.