ನೆರವಿನ ಬಾಗಿಲು ಮತ್ತು ಅದರ ಹಿಡಿಕೆ
(ಸಂಸ್ಥೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಬಹುಮಾನ ಹಂಚುವ ಈ ಸಂತೋಷದ ಸಮಾರಂಭದಲ್ಲಿ ಒಂದು ಅರ್ಜಿಯ ಕಥೆಯನ್ನು ಹೇಳಲು ನಿಂತಿರುವೆನೆಂದರೆ ನೀವು ನಕ್ಕೀರಿ. ಆದರೆ ಆ ಅರ್ಜಿ ನಮ್ಮ ಮಕ್ಕಳಲ್ಲೊಬ್ಬನದು. ಅದನ್ನು ತುಂಬುವಾಗ ನಾನು ಅವನ ಪಕ್ಕದಲ್ಲಿ ಕುಳಿತಿದ್ದೆ. ಇಷ್ಟು ವರುಷ ಪಾಠ ಹೇಳಿದ ನನಗೆ ಅಂದು ಒಂದು ಹೊಸ ಪಾಠವಾಯಿತು.

ಹುಡುಗ ಆಗ ಒಂಬತ್ತನೆಯ ಇಯತ್ತೆಯವನು. ಹುಟ್ಟಿನಿಂದಲೇ ಅವನಿಗೆ ದೃಷ್ಟಿಯಿಲ್ಲ. ಆದರೆ ಅವನು ಮೊಬಾಯಿಲನ್ನು ಬಳಸುವ ಚಾತುರ್ಯವನ್ನು ಕಂಡರೆ ಕಣ್ಣುಳ್ಳವರು ನಾಚಬೇಕು. ತೆರೆಯ ಮೇಲಿರುವದನ್ನು ಓದಿ ಹೇಳುವ ವ್ಯವಸ್ಥೆಯೊಂದು ಅದರಲ್ಲಿದೆ. ಬೆರಳು ಎಲ್ಲಿ ಮುಟ್ಟುವದೋ ಅಲ್ಲಿಯ ಶಬ್ದವನ್ನು ಅದು ಉಚ್ಚರಿಸುತ್ತದೆ. ಅವನು ಅದನ್ನು ನಮ್ಮ ಮಾತಿಗಿಂತ ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಾನೆ. ನನಗೋ ಒಂದಕ್ಷರವೂ ತಿಳಿಯಲಿಲ್ಲ.

ನಾವು ತೆರೆದದ್ದು ಸಾರ್ವಜನಿಕ ಹಣದಿಂದ ನೆರವು ಕೊಡುವ ಒಂದು ಜಾಲತಾಣ. ಅದರ ಹೆಸರು ಇಲ್ಲಿ ಬೇಡ. ಈ ದೋಷ ಒಂದೇ ತಾಣದ್ದಲ್ಲ. ಅವನ ಬೆರಳು ಮೊದಲ ಪುಟದ ಮೇಲೆ ಸರಿದಂತೆ ಫೋನು 'ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್' ಎಂದು ಜಪ ಮಾಡತೊಡಗಿತು. ನನ್ನ ಕಣ್ಣಿಗೆ ಅಲ್ಲಿ ಮನೆಯ ಚಿತ್ರ, ಬಾಣದ ಗುರುತು, ಎಲ್ಲವೂ ಅಂದವಾಗಿ ಕಾಣುತ್ತಿದ್ದವು. ಮಾಡಿದವನು ಚಿತ್ರವನ್ನಿಟ್ಟಿದ್ದನು, ಅದಕ್ಕೆ ಹೆಸರನ್ನಿಟ್ಟಿರಲಿಲ್ಲ. ಮುಂದಿನ ಪುಟದಲ್ಲಿ ಹನ್ನೆರಡು ಖಾಲಿ ಚೌಕಗಳು. 'ತಂದೆಯ ಹೆಸರು', 'ಬ್ಯಾಂಕಿನ ಖಾತೆ' ಎಂಬ ಶಬ್ದಗಳು ಮಗ್ಗುಲಲ್ಲಿ ಅಚ್ಚಾಗಿದ್ದರೂ ಚೌಕಕ್ಕೂ ಶಬ್ದಕ್ಕೂ ಒಳಗೆ ಗಂಟು ಹಾಕಿರಲಿಲ್ಲ. ಹುಡುಗನ ಕಿವಿಗೆ ಬಿದ್ದದ್ದು 'ಖಾಲಿ, ಖಾಲಿ, ಖಾಲಿ'.

ಅನಂತರ ಕ್ಯಾಪ್ಚಾ ಬಂದಿತು. ಪಾಲಕರಲ್ಲಿ ಬಹಳ ಜನರು ಅದನ್ನು ಕಂಡಿರಬೇಕು: ಸೊಟ್ಟಪಟ್ಟ ಅಕ್ಷರಗಳ ಚಿತ್ರ. ಬರುವವನು ಮನುಷ್ಯನೋ ಯಂತ್ರವೋ ಎಂದು ಪರೀಕ್ಷಿಸಲು, ಯಂತ್ರವು ಓದಲಾರದಂತೆ ಅದನ್ನು ಬೇಕೆಂದೇ ತಿರುಚಿರುತ್ತಾರೆ. ಆದರೆ ಅಂಧನು ಓದುವದೇ ಯಂತ್ರದ ಸಹಾಯದಿಂದ. ಹೀಗಾಗಿ ಯಂತ್ರವನ್ನು ತಡೆಯಲು ನಿಂತ ಕಾವಲುಗಾರನು ನಮ್ಮ ಹುಡುಗನನ್ನೇ ಹೊರಗೆ ನಿಲ್ಲಿಸಿದನು. ಕೊನೆಗೆ ಅಕ್ಷರಗಳನ್ನು ನಾನು ಓದಿದೆ. ಫೋನಿಗೆ ಬಂದ ಗುಪ್ತಸಂಖ್ಯೆಯನ್ನೂ ಖಾತೆಯ ಸಂಖ್ಯೆಯನ್ನೂ ಅವನು ನನಗೆ ಹೇಳಬೇಕಾಯಿತು. ನಾನು ಅವನ ಗುರು, ಚಿಂತೆಯಿಲ್ಲ. ಆ ಸ್ಥಳದಲ್ಲಿ ಅಪರಿಚಿತನೊಬ್ಬನಿದ್ದರೆ? ನಾವು ಇಷ್ಟೆಲ್ಲ ತಡಕಾಡುವದರೊಳಗೆ ತಾಣವು 'ನಿಮ್ಮ ವೇಳೆ ಮುಗಿಯಿತು' ಎಂದು ನಮ್ಮನ್ನು ಹೊರಗೆ ಹಾಕಿತು. ಮೂರು ದಿನ ಹೀಗೆಯೇ ಆಯಿತು. ನಾಲ್ಕನೆಯ ದಿನ ಅರ್ಜಿಯ ಅವಧಿಯೇ ತೀರಿತ್ತು.

ಮಹನೀಯರೆ, ಆ ನೆರವು ಯಾರಿಗಾಗಿ ಇತ್ತು? ಗುಡ್ಡಾಪುರದ ದಾನಮ್ಮನ ದಾಸೋಹದಲ್ಲಿ ಉಣ್ಣಲು ಬಂದವನಿಗೆ 'ಮೊದಲು ಈ ಫಲಕವನ್ನು ಓದಿ ತೋರಿಸು' ಎಂದು ಯಾರೂ ಹೇಳುವದಿಲ್ಲ.

ನಮ್ಮ ಜತ್ತ ತಾಲೂಕಿನವರಿಗೆ ಇದರ ಮೇಲೆ ಭಾಷೆಯ ತೊಡಕು ಬೇರೆ. ಉಮದಿ, ಸಂಖ ಮೊದಲಾದ ಊರುಗಳ ಮನೆಗಳಲ್ಲಿ ಕನ್ನಡ, ಅರ್ಜಿಗಳಲ್ಲಿ ಮರಾಠಿ ಅಥವಾ ಇಂಗ್ಲಿಷು. ಪುಟವು ಯಾವ ಭಾಷೆಯದೆಂದು ಒಳಗೆ ಒಂದು ಗುರುತು ಹಾಕಿದ್ದರೆ ಓದುವ ಯಂತ್ರವು ಆ ಭಾಷೆಯ ದನಿಯನ್ನು ತಾನೇ ಆರಿಸಿಕೊಳ್ಳಬಲ್ಲದು. ಗುರುತಿಲ್ಲದಿದ್ದರೆ ಒಂದು ಭಾಷೆಯನ್ನು ಇನ್ನೊಂದರ ನಾಲಗೆಯಿಂದ ನುಡಿಯುತ್ತದೆ. ಕನ್ನಡದಲ್ಲಿಯೇ ಪ್ರಕಟವಾದ ಸೂಚನೆಗಳೂ ಎಷ್ಟೋ ಸಲ ಕಾಗದದ ಛಾಯಾಚಿತ್ರಗಳಾಗಿರುತ್ತವೆ. ಯಂತ್ರಕ್ಕೆ ಅದು ಬರಿಯ ಚಿತ್ರ, ಅದು ಮೌನವಾಗಿರುತ್ತದೆ. ಯುನಿಕೋಡಿಗಿಂತ ಹಳೆಯ ಅಕ್ಷರಮಾದರಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವೂ ಹೀಗೆಯೇ. ಕಣ್ಣಿಗೆ ಕನ್ನಡ, ಒಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ನಮ್ಮ ಶಾಲೆಯ ಸೂಚನೆಗಳನ್ನೂ ನಾವು ಹಾಗೆಯೇ ಕಳಿಸುತ್ತಿದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಇದನ್ನು ಸರಿಪಡಿಸುವದು ದೊಡ್ಡ ವಿದ್ಯೆಯೇ? ನಮ್ಮ ಗಣಕಯಂತ್ರದ ಶಿಕ್ಷಕರನ್ನು ಕೇಳಿದೆ. ಒಂದು ಬಟನಿಗೆ ಹೆಸರಿಡಲು ಒಂದು ಸಾಲೂ ಬೇಡವೆಂದರು. ನಿಯಮಗಳೂ ಹೊಸವಲ್ಲ. ಜಗತ್ತಿನ ಜಾಲತಾಣಗಳಿಗೆ ಈ ಬಗೆಯ ಮಾರ್ಗಸೂಚಿ 1999ರಲ್ಲಿಯೇ ಹೊರಟಿತು; 2008, 2018, 2023ರಲ್ಲಿ ಅದರ ಮುಂದಿನ ಆವೃತ್ತಿಗಳು ಬಂದವು. ಸರಕಾರಿ ತಾಣಗಳಿಗೆ ಭಾರತ ಸರಕಾರದ ಮಾರ್ಗಸೂಚಿ 2009ರಲ್ಲಿ ಬಂದಿತು. ಮಂದದೃಷ್ಟಿಯವರಿಗಾಗಿ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ 4.5ಕ್ಕೆ 1 ಇರಬೇಕು. ಕೈ ನಡುಗುವವರು ಮೌಸಿಲ್ಲದೆ ಬರಿಯ ಕೀಲಿಮಣೆಯಿಂದ ಎಲ್ಲವನ್ನೂ ಮಾಡುವಂತಿರಬೇಕು. ಕಿವುಡರಿಗಾಗಿ ಚಲಚ್ಚಿತ್ರದ ಕೆಳಗೆ ಮಾತುಗಳು ಬರಹದಲ್ಲಿ ಬರಬೇಕು. ತಪ್ಪನ್ನು ಕೆಂಪು ಬಣ್ಣದಿಂದ ಮಾತ್ರವಲ್ಲ, ಶಬ್ದಗಳಿಂದಲೂ ತಿಳಿಸಬೇಕು. ವೇಳೆ ಮುಗಿಯುವ ಮುನ್ನ 'ಇನ್ನಷ್ಟು ವೇಳೆ ಬೇಕೆ?' ಎಂದು ಕೇಳಬೇಕು.

ಇದು ದಯೆಯ ಮಾತೂ ಅಲ್ಲ. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಆಗಿ, 19 ಏಪ್ರಿಲ್ 2017ರಿಂದ ಜಾರಿಗೆ ಬಂದಿದೆ. ಹಿಂದಿನ 1995ರ ಕಾಯಿದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದರೆ ಇದರಲ್ಲಿ ಇಪ್ಪತ್ತೊಂದು. ಮೊನ್ನೆಮೊನ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂದಿತ್ತು. ಆಮ್ಲದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಎಂಬ ಮಹಿಳೆಗೆ ಬ್ಯಾಂಕಿನ ಖಾತೆ ತೆರೆಯಲು ಆಗಲಿಲ್ಲ; ಏಕೆಂದರೆ ಕ್ಯಾಮೆರಾದ ಮುಂದೆ ರೆಪ್ಪೆ ಮಿಟುಕಿಸಿ ತಾನು ಜೀವಂತಳೆಂದು ತೋರಿಸಬೇಕಾಗಿತ್ತು, ಆಕೆಗೆ ರೆಪ್ಪೆ ಮಿಟುಕಿಸಲು ಬರುವಂತಿರಲಿಲ್ಲ. 30 ಏಪ್ರಿಲ್ 2025ರ ತೀರ್ಪಿನಲ್ಲಿ ನ್ಯಾಯಾಲಯವು ಇಂಥ ಸೇವೆಗಳನ್ನು ತಲುಪುವದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿ, ಇಪ್ಪತ್ತು ನಿರ್ದೇಶಗಳನ್ನು ಕೊಟ್ಟಿತು.

ಪಾಲಕರಲ್ಲಿ ನನ್ನ ಅರಿಕೆ ಬೇರೆ. ಒಂಬತ್ತು, ಹತ್ತನೆಯ ಇಯತ್ತೆಗಳ ಅಂಗವಿಕಲ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಿದೆ. ನ್ಯೂನತೆ ಶೇಕಡಾ 40ಕ್ಕೆ ಕಡಿಮೆಯಿರಬಾರದು, ಮನೆಯ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿಗಳನ್ನು ಮೀರಬಾರದು. ಇದಕ್ಕೆಲ್ಲ ಬುಡವೆಂದರೆ ಹದಿನೆಂಟು ಅಕ್ಷರ-ಅಂಕಿಗಳ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಸಾಂಗಲಿಯ ದಾರಿ ದೂರ, ಕೂಲಿಯ ದಿನ ಕಳೆಯುತ್ತದೆ ಎಂದು ಅದನ್ನು ಮುಂದೂಡುವವರಿದ್ದಾರೆ. ಅವರ ಕಷ್ಟ ನನಗೆ ಗೊತ್ತು, ಆದರೂ ಮುಂದೂಡಬೇಡಿರಿ. 'ಪಾಪ, ಅವನಿಗೇನು ತಿಳಿಯುತ್ತದೆ' ಎಂದು ಅರ್ಜಿಯನ್ನು ನೀವೇ ತುಂಬಲೂ ಬೇಡಿರಿ. ಪಕ್ಕದಲ್ಲಿ ಕುಳಿತಿರಿ, ಅಷ್ಟು ಸಾಕು.

ವಿದ್ಯಾರ್ಥಿಗಳೆ, ಹದಿನೈದರ ವಯಸ್ಸಿನಲ್ಲಿ ಚುಕ್ಕೆಯ ಲಿಪಿಯನ್ನು ರಚಿಸಿದ ಲೂಯಿ ಬ್ರೈಲ್ ಸ್ವತಃ ಅಂಧ ವಿದ್ಯಾರ್ಥಿಯಾಗಿದ್ದನು. ನಮ್ಮ ಸೀಮೆಯವರಿಗೆಲ್ಲ ಪೂಜ್ಯರಾದ ಗದುಗಿನ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಾಗಿದ್ದು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದರು. ಬಾಲ್ಯದಲ್ಲಿ ಸಂಗೀತದ ಶಿಬಿರವೊಂದರಲ್ಲಿ ಜೊತೆಯಾದ ಆಸ್ಟ್ರೇಲಿಯದ ಇಬ್ಬರು ಅಂಧರು, ಮೈಕೇಲ್ ಕರನ್ ಮತ್ತು ಜೇಮ್ಸ್ ತೆಹ್, ಗಣಕಯಂತ್ರದ ತೆರೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಕಟ್ಟಿ ಜಗತ್ತಿಗೆ ಬಿಟ್ಟಿಯಾಗಿ ಕೊಟ್ಟಿದ್ದಾರೆ. ಆ ಕೆಲಸ 2006ರಲ್ಲಿ ಮೊದಲಾಯಿತು. ಅದು ಕನ್ನಡವನ್ನೂ ಓದುತ್ತದೆ. ದನಿ ತುಸು ಒರಟು, ಕಿವಿಗೆ ರೂಢಿಯಾಗಬೇಕು.

ನಮ್ಮ ಹುಡುಗನ ವಿಷಯಕ್ಕೆ ಮರಳುತ್ತೇನೆ. ಅವಧಿ ತೀರಿದ ದಿನ ಅವನು ಅಳಲಿಲ್ಲ. 'ಗುರುಗಳೆ, ಯಾವ ಬಟನಿಗೆ ಹೆಸರಿಲ್ಲವೆಂದು ಅವರಿಗೆ ಬರೆಯೋಣವೆ?' ಎಂದನು. ಅವನು ಹೇಳಿದಂತೆ ನಾನು ಬರೆದೆ. ಪುಟ ಪುಟಕ್ಕೂ ಇಂಥ ಸ್ಥಳದಲ್ಲಿ ಇಂಥ ಕೊರತೆ ಎಂದು ಹತ್ತೊಂಬತ್ತು ಕಲಮುಗಳಾದವು. ಮೊದಲ ಪತ್ರಕ್ಕೆ ಉತ್ತರವಿಲ್ಲ. ಪುಣೆಯಲ್ಲಿರುವ ರಾಜ್ಯದ ದಿವ್ಯಾಂಗ ಆಯುಕ್ತರಿಗೆ ಪ್ರತಿ ಕಳಿಸುವೆವೆಂದು ಎರಡನೆಯದರಲ್ಲಿ ಸೇರಿಸಿದೆವು. ಕೆಲವು ತಿಂಗಳ ಮೇಲೆ ನೋಡಿದರೆ ಮೊದಲ ಪುಟದ ಬಟನುಗಳು ತಮ್ಮ ಹೆಸರು ಹೇಳುತ್ತಿದ್ದವು, ಚೌಕಗಳು ಮಾತಾಡುತ್ತಿದ್ದವು. ಕ್ಯಾಪ್ಚಾ ಮಾತ್ರ ಹಾಗೆಯೇ ನಿಂತಿದೆ. ಅದಕ್ಕಾಗಿ ಮೂರನೆಯ ಪತ್ರವನ್ನು ಅವನೇ ಫೋನಿಗೆ ಬಾಯಿಂದ ಹೇಳಿ ಬರೆಸುತ್ತಿದ್ದಾನೆ. ಈಗ ಅವನು ಹತ್ತನೆಯ ಇಯತ್ತೆ. ಈ ವರುಷದ ಅರ್ಜಿಗೆ ಬರುವ ರವಿವಾರ ಮುಂಜಾನೆ ಶಾಲೆಯ ಗಣಕಯಂತ್ರದ ಕೋಣೆಯಲ್ಲಿ ಕುಳಿತುಕೊಳ್ಳುವವನಿದ್ದಾನೆ. ಇಂಥ ಮಕ್ಕಳಿರುವ ಪಾಲಕರು ಕಾಗದಪತ್ರಗಳೊಡನೆ ಅಂದು ಬರಬೇಕು. ಕೋಣೆ ತೆರೆದಿರುತ್ತದೆ.