ಹಿತ್ತಲ ಕೈತೋಟಕ್ಕೆ ಮೊದಲು ನೀರಿನ ಲೆಕ್ಕ



2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿ ಒಂದು ಆದೇಶ ಹೊರಡಿಸಿತು: ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದವರಿಗೆ 5,000 ರೂಪಾಯಿ ದಂಡ. ಆ ಬೇಸಿಗೆಯಲ್ಲಿ ನಗರದ ಅನೇಕ ಕೊಳವೆಬಾವಿಗಳು ಬತ್ತಿದ್ದವು. ಹಳ್ಳಿ ಬಿಟ್ಟು ಬಂದು 30x40 ಅಡಿ ನಿವೇಶನದಲ್ಲಿ ಮನೆ ಕಟ್ಟಿಕೊಂಡು, ಹಿತ್ತಲಿನ ಅಂಗೈಯಗಲ ಜಾಗದಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದ ಕುಟುಂಬಗಳಿಗೆ ಇದು ಪೇಚಿಗಿಟ್ಟುಕೊಂಡಿತು. ಗಿಡಗಳನ್ನು ಒಣಗಲು ಬಿಡಬೇಕೆ, ದಂಡ ತೆರಬೇಕೆ? ಎರಡೂ ಬೇಡ. ಆದರೆ ತೋಟದ ಅಳತೆಯನ್ನು ಜಾಗ ನೋಡಿ ಅಲ್ಲ, ಬಕೆಟ್ಟು ನೋಡಿ ಗೊತ್ತುಮಾಡಬೇಕು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ವಾರ ಹಿಡಿದು ಅಳೆಯಿರಿ. ದಿನಕ್ಕೆ 20 ಲೀಟರ್ ಸಿಕ್ಕಿತೆಂದು ಇಟ್ಟುಕೊಳ್ಳಿ. ಬಿರುಬೇಸಿಗೆಯಲ್ಲಿ ಸೊಪ್ಪಿನ ಮಡಿಯು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಡುತ್ತದೆ. ಅಂದರೆ 4 ಚದರ ಮೀಟರ್ ಮಡಿ, ಅಷ್ಟೇ. ಆಸೆಪಟ್ಟು ಹತ್ತು ಚದರ ಮೀಟರಿಗೆ ಬಿತ್ತಿದವರ ತೋಟ ಏಪ್ರಿಲ್ ಹೊತ್ತಿಗೆ ಪೂರ್ತಿ ಸೊರಗುತ್ತದೆ. ಮಡಿಯ ಮೇಲೆ ಎರಡು ಅಂಗುಲ ತರಗೆಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ. ಎಲೆ ಗುಡಿಸಿ ಸುಡುವ ಅಭ್ಯಾಸವನ್ನಂತೂ ಬಿಡಲೇಬೇಕು. ಮಳೆಯ ಲೆಕ್ಕ ಸುಲಭ: 50 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್. ಸೋರಿ ಚೆಲ್ಲಿದ್ದನ್ನು ಕಳೆದರೂ ತೊಟ್ಟಿಗೆ ಸಾಕಷ್ಟು ಉಳಿಯುತ್ತದೆ.

ಬಟ್ಟೆ ಒಗೆದ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ. ಅದರಲ್ಲಿನ ಸೋಡಿಯಂ ಮಣ್ಣಿನಲ್ಲಿ ಸೇರುತ್ತ ಹೋಗಿ ನೆಲ ಬಿಗಿಯುತ್ತದೆ. ಪಾತ್ರೆ ತೊಳೆದ ನೀರು ಸೋಪು ಕಡಿಮೆಯಿದ್ದರೆ ಬಾಳೆಗೆ ಆದೀತು. ಬಾಳೆಯಲ್ಲಿ ತಾಯಿಗಿಡದೊಡನೆ ಒಂದೇ ಕಂದು ಉಳಿಸಿರಿ. ಪರಂಗಿಯನ್ನು ಮಾತ್ರ ಅಲ್ಲಿ ನೆಡಬೇಡಿ; ಬುಡದಲ್ಲಿ ನೀರು ನಿಂತರೆ ಅದು ಕೊಳೆಯುತ್ತದೆ.

ಇನ್ನು ಮಣ್ಣು. ಹೊಸ ಮನೆಯ ಹಿತ್ತಲಲ್ಲಿ ಇರುವುದು ಬಹುಪಾಲು ಗಾರೆ, ಸಿಮೆಂಟಿನ ಚೂರು. ಇದರಿಂದ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣಾಂಶ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ರೋಗವೆಂದು ಔಷಧಿ ಹೊಡೆದು ಫಲವಿಲ್ಲ. ಒಂದಡಿ ಆಳ ಅಗೆದು ತೆಗೆದು, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಕಳಿತ ಗೊಬ್ಬರ ಬೆರೆಸಿ ತುಂಬಿರಿ.

ಹರಿವೆ ಬೀಜ ಬಹಳ ಸಣ್ಣದು. ಮರಳಿನೊಡನೆ ಬೆರೆಸಿ ಬಿತ್ತಬೇಕು. ಪೊಟ್ಟಣವನ್ನೆಲ್ಲ ಒಂದೇ ದಿನ ಚೆಲ್ಲಬೇಡಿ. ಹದಿನೈದು ದಿನಕ್ಕೊಂದು ಸಾಲು ಹಾಕಿದರೆ, ಮೊದಲ ಸಾಲು ತಿಂಗಳೊಳಗೆ ಕೊಯ್ಲಿಗೆ ಬಂದು ಸೊಪ್ಪು ಸರದಿಯಲ್ಲಿ ಸಿಗುತ್ತದೆ. ಬಸಳೆಯ ಕಡ್ಡಿ ನೆಟ್ಟು ಗೋಡೆಗೆ ಹಬ್ಬಿಸಿರಿ. ಅದು ಅರೆನೆರಳನ್ನೂ ತಾಳುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಮೂಲೆ ಬೆಂಡೆಗಿರಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಸಂಕರವಲ್ಲದ ತಳಿ, ಬೀಜ ಇಟ್ಟುಕೊಳ್ಳಬಹುದು. ನಂಜುರೋಗ ತಾಗದ ಒಂದು ಒಳ್ಳೆಯ ಗಿಡಕ್ಕೆ ಮೊದಲೇ ದಾರ ಕಟ್ಟಿಡಿ. ಇಲ್ಲದಿದ್ದರೆ ಅದರ ಕಾಯಿಯೂ ಸಾರಿಗೆ ಹೋಗುತ್ತದೆ!