ಒಳಗಿಂದ ಒಂದು ಚಿಲಕ

ಬೀದರ್‌ನಾಗ ನಾ ಅಕೌಂಟ್ಸ್ ನೋಡ್ತಿದ್ದ ಆಫೀಸಿನ ಮಾತಿದು. ಒಬ್ಬ ಅಕ್ಕ ದಿನಾ ಭಾಲ್ಕಿಯಿಂದ ಬಸ್ಸಿಗೆ ಬರ್ತಿದ್ರು. ಏಳು ತಿಂಗಳ ಕೂಸು ಮನ್ಯಾಗ, ಅಜ್ಜಿ ಹತ್ರ. ಮಧ್ಯಾಹ್ನ ಪಂಪ್ ಹಿಡ್ಕೊಂಡು ಹಳೇ ಫೈಲ್ ಇಡೋ ಖೋಲಿಗೆ ಹೋಗೋರು. ಅದಕ್ಕ ಚಿಲಕ ಇರ್ಲಿಲ್ಲ. ಒಂದಿನ ವೋಚರ್ ಫೈಲ್ ಬೇಕಂತ ನಾನು ಬಾಗ್ಲಾ ತಳ್ಳೇಬಿಟ್ಟೆ. "ಒಂದ್ ನಿಮಿಷ ತಮ್ಮಾ" ಅಂದ್ರು. ದನಿ ನಡುಗ್ತಿತ್ತು.

ಮರುದಿನದಿಂದ ಅವರು ಆ ಖೋಲಿಗೆ ಹೋಗೋದೇ ಬಿಟ್ರು. ವಾರದೊಳಗ ಎದೆ ಗಟ್ಟಿಯಾಗಿ, ಜ್ವರ ಬಂದು ರಜೆ ಹಾಕಿದ್ರು. ಹಾಲು ತೆಗೀದೇ ಇದ್ರ ಹಿಂಗಾಗ್ತದ ಅಂತ ನಂಗ ಆಮೇಲೆ ಗೊತ್ತಾತು.

ಕೂಸಿಗೆ 15 ತಿಂಗಳಾಗೋ ತನಕ, ಊಟದ ಬಿಡುವು ಬಿಟ್ಟು, ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. 2017ರ ತಿದ್ದುಪಡಿ, 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಕೂಸಿನ ಮನೆಯನ್ನೂ ಸೇರಿಸಿತು. ಆದ್ರ ಕೂಸು ಭಾಲ್ಕಿಯಾಗಿದ್ರ ಬೀದರ್‌ನಾಗ ಪಂಪೇ ಗತಿ ಅಲ್ರೀ? ತೆಗೆದ ಹಾಲು ತಂಪು ಕೋಣೆಯಲ್ಲಿ 4 ತಾಸು, ಫ್ರಿಜ್‌ನಲ್ಲಿ 4 ದಿನ ತಡೀತದ. ನಮ್ಮ ಮೇ ಬಿಸಿಲಿಗೆ ಫ್ರಿಜ್ಜೇ ಬೇಕು. ಅಲ್ಲಿ ಬಾಟ್ಲಿ ಕಂಡ್ರ ನಗಬ್ಯಾಡ್ರಿ, ಅಷ್ಟೇ.

"ನಮ್ದು ಸಣ್ಣ ಅಂಗಡಿ, ಖೋಲಿ ಎಲ್ಲಿಂದ ತರೋಣ?" ಅಂತ ಔರಾದ್‌ನ ಕೇಳುಗರೊಬ್ಬರು ಕೇಳಿದ್ರು. ಮೂಲ್ಯಾಗ ಒಂದು ದಪ್ಪ ಪರದೆ, ಕುರ್ಚಿ, ಪ್ಲಗ್ ಪಾಯಿಂಟ್. ಅಷ್ಟಾದ್ರೂ ಮಾಡ್ರಿ.

ಆ ಅಕ್ಕ ವಾಪಸ್ ಬರೋದ್ರಾಗ ನಾನೇ ಬಡಿಗೇರನ್ನ ಕರೆಸಿ ಚಿಲಕ ಹಾಕ್ಸಿದ್ದೆ. ಖರ್ಚು ಯಾವ ಹೆಡ್‌ಗೆ ಅಂತ ಮ್ಯಾನೇಜರ್ ಕೇಳಿದ್ರು. "ರಿಪೇರಿ" ಅಂತ ಬರದೆ.